ಕುರ್ಚಿಯ ಸದ್ದು

ವಾರಿಜ ಗಂಡನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪಕ್ಕದಲ್ಲಿ ಮಗಳು ಕಾಮಿಕ್ಸ್ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು.

"ಹೂಸು, ತೇಗು, ಸಿಂಬಳ! ಈ ಇಂಗ್ಲೆಂಡಿನ ಮಕ್ಕಳಿಗೆ ನಗೋಕೆ ಬೇರೇನೂ ಸಿಗಲ್ವೇನೇ?"

"ಬಹುಮಾನ ಬಂದಿರೋ ಪತ್ರ ಕೇಳಮ್ಮ. 'ಹಬ್ಬದ ದಿನ ನನ್ನಮ್ಮ ಹಿರಿಯರೊಬ್ಬರ ಕಾಲಿಗೆ ಬಗ್ಗಿದಾಗ ಜೋರಾಗಿ ಹೂಸು ಬಂತು. ಕುರ್ಚಿ ಕಿರುಗುಟ್ಟಿತು ಅಂದುಬಿಟ್ಟಳು. ಪಾಪ, ಅವರು ಎದ್ದು ಕುರ್ಚಿ ಬದಲಾಯಿಸಿದರು!'"

ವಾರಿಜಳ ಕೈ ನಿಂತಿತು. ಯುಗಾದಿಯಂದು ಇಲ್ಲಿನ ಕನ್ನಡ ಸಂಘದಲ್ಲಿ ಅವಳ ಮಾನ ಉಳಿಸಿದ್ದು ಆ ಒಂದು ಸುಳ್ಳು. ಸಂಘದ ಮಕ್ಕಳೆಲ್ಲ ಓದುವ ಪುಸ್ತಕವಿದು. ಇನ್ನು ಆ ಹಿರಿಯರಿಗೆ ಮುಖ ತೋರಿಸುವುದು ಹೇಗೆ?

"ಬರೆದೋರು ಯಾರು?"

ಮಗಳ ನಗು ನಿಂತಿತು. "ಅಯ್ಯೋ, ನನ್ನ ಹೆಸರೇ ಇದೆ! ದೇವರಾಣೆ ನಾನಲ್ಲಮ್ಮ."

"ಸುಳ್ಳು ಬೇರೆ! ನಿಮ್ಮಪ್ಪನ ಕಿವೀಲಿ ಹೇಳಿದ್ದನ್ನ ಕದ್ದು ಕೇಳಿ ಊರಿಗೆಲ್ಲ ಸಾರಿದ್ಯಾ?"

ಮಗಳು ಬಿಕ್ಕತೊಡಗಿದಳು. ಅಷ್ಟರಲ್ಲಿ ಒಳಬಂದ ಗಂಡ ಕಾಮಿಕ್ಸ್ ನೋಡಿ ಕುಣಿದ.

"ಓ, ಅಚ್ಚಾಗೇ ಬಿಡ್ತಾ? ಮಕ್ಕಳಿಗೆ ಮಾತ್ರ ಬಹುಮಾನ ಅಂದ್ರು, ಅದಕ್ಕೆ ಇವಳ ಹೆಸರು ಹಾಕ್ದೆ!"

ವಾರಿಜ ಇಸ್ತ್ರಿ ಆರಿಸಿದಳು. ಸೀರೆಗಳ ಅಡಿಯಿಂದ ಒಂದು ಲಕೋಟೆ ತೆಗೆದಳು. ಊಟಕ್ಕೆ ಬಂದ ಆಫೀಸಿನ ಮ್ಯಾನೇಜರಿಗೆ ಬಡಿಸುವಾಗ ಅಪ್ಪನಿಗೆ ಸೀನು ಬಂದು, ಕಟ್ಟಿಸಿದ ಹಲ್ಲು ಅವರ ಪಾಯಸಕ್ಕೆ ಬಿದ್ದ ಕಥೆಯನ್ನು ಮಗಳು ಹೋದ ವರ್ಷವೇ ಈ ಕಾಮಿಕ್ಸಿಗೆ ಬರೆದಿದ್ದಳು. ಗಂಡನ ಮರ್ಯಾದೆ ಹೋದೀತೆಂದು ವಾರಿಜ ಅದನ್ನು ಬಚ್ಚಿಟ್ಟಿದ್ದಳು.

"ಕಣ್ಣೊರೆಸ್ಕೋ ಮಗಳೇ," ಎಂದು ಲಕೋಟೆಗೆ ಸ್ಟಾಂಪು ಅಂಟಿಸಿ, ಅವಳ ಕೈ ಹಿಡಿದುಕೊಂಡು ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು.