ಗ್ಯಾಸಿಗೆ ಜೀರಾ

ಇಷ್ಟು ಸಣ್ಣ ವಿಷಯವನ್ನು ಕಥೆಯೆಂದು ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನೆಬಿಸಮ್ಮನ ಬೆರಳು ಚುಚ್ಚಿ ನೋಡಿದಾಗ ಶುಗರ್ ಮುನ್ನೂರ ನಲವತ್ತು ಇತ್ತು. ಆಶಾ ಕಾರ್ಯಕರ್ತೆ ದಮಯಂತಿ ಗದರಿದಳು: “ಪುನಃ ಚಹಾಕ್ಕೆ ಸಕ್ಕರೆ ಹಾಕ್ತೀರಾ? ಕಾಲಿನ ಗಾಯ ಒಣಗುವುದು ಹೇಗೆ?”

“ಚಹಾವೇ ಬಿಟ್ಟಿದ್ದೇನೆ ಮಾರಾಯ್ತಿ. ನೀನು ಹೇಳಿದ ಮದ್ದು ಮಾತ್ರ, ದಿನಕ್ಕೆ ಎರಡು.” ನೆಬಿಸಮ್ಮ ಕುಂಟುತ್ತಾ ಹೋಗಿ ಫ್ರಿಜ್ಜಿನಿಂದ ಜೀರಾ ಸೋಡಾದ ಬಾಟಲಿ ತಂದರು. ಮೊದಲ ಲೋಟವನ್ನು ದಮಯಂತಿಗೇ ಕೊಟ್ಟರು. “ಗ್ಯಾಸಿಗೆ ಜೀರಾ ಒಳ್ಳೆಯದು ಅಂತ ನೀನೇ ಹೇಳಿದ್ದಲ್ವಾ?”

ಲೋಟದ ನೊರೆ ಮೆಲ್ಲನೆ ಇಳಿಯಿತು. ಅಂದು ದಮಯಂತಿ ಹೇಳಲು ಹೊರಟಿದ್ದು ಜೀರಿಗೆ ಕುದಿಸಿದ ನೀರಿನ ವಿಷಯ. ಜೀರಿಗೆ ಎಂದರೆ ಹಳ್ಳಿ ಮಾತಿನಂತೆ ಕೇಳಿಸುತ್ತದೆಂದು, ತರಬೇತಿಯಲ್ಲಿ ಮೇಡಂ ಹೇಳಿದ ಹಾಗೆ ‘ಜೀರಾ’ ಎಂದಿದ್ದಳು. ಅಂಗಡಿಯಲ್ಲಿ ಜೀರಾ ಎಂದರೆ ಈ ಬಾಟಲಿಯನ್ನೇ ಕೊಡುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

“ತಪ್ಪು ನನ್ನದು ನೆಬಿಸಮ್ಮ. ನಾನು ಹೇಳಿದ್ದು ಅಡುಗೆಯ ಜೀರಿಗೆ. ಇದರಲ್ಲಿ ಪೂರಾ ಸಕ್ಕರೆ ಉಂಟು.”

“ಯಾ ಅಲ್ಲಾ! ಅದಕ್ಕೇ ನಿನ್ನ ಮದ್ದು ಇಷ್ಟು ರುಚಿ!” ನೆಬಿಸಮ್ಮ ನಕ್ಕುಬಿಟ್ಟರು. ಅವರು ಬೈದಿದ್ದರೆ ದಮಯಂತಿಗೆ ತಲೆ ಎತ್ತಲಾಗುತ್ತಿತ್ತೋ ಏನೋ; ಆ ನಗುವಿಗೆ ತಲೆ ಇನ್ನೂ ತಗ್ಗಿತು. ನಾರಾವಿ ಊರಿನ ಇನ್ನೆಷ್ಟು ಮನೆಗಳಲ್ಲಿ ಅವಳು ಜೀರಾ ಎಂದು ಹೇಳಿ ಬಂದಿದ್ದಾಳೋ, ಅವಳಿಗೇ ಗೊತ್ತಿಲ್ಲ.