ಸಾಹೇಬರು ಊಟಕ್ಕೆ ಕೂತ ಜಾಗ

ಸೋಮವಾರ ಬೆಳಿಗ್ಗೆ ಶಾಲೆಯ ಬೀಗ ತೆಗೆದ ಶಶಿರೇಖಾ ಮೇಡಂ ಹೊಸ್ತಿಲಲ್ಲೇ ನಿಂತುಬಿಟ್ಟರು. ಗೋಡೆಗೆಲ್ಲ ಗಿಣಿಹಸಿರು ಬಣ್ಣ. ಬಿರುಕುಗಳಿಗೆ ಹೊಸ ಸಿಮೆಂಟು. ಚಕ್ಕೆ ಉದುರಿ ಕಂಬಿ ಹಲ್ಲು ಕಿರಿಯುತ್ತಿದ್ದ ತಾರಸಿಯನ್ನು ಮರೆಮಾಡಿ, ಮದುವೆಮನೆಯ ಹಾಗೆ ಕೆಂಪು ಹಳದಿ ಶಾಮಿಯಾನದ ಬಟ್ಟೆ.

“ಯಾರ್ರೀ ಇದನ್ನ ಮಾಡಿದ್ದು?”

“ನಾನೇಯ ಮೇಡಮ್ಮೋರೆ,” ಶಾಲಾ ಸಮಿತಿಯ ಅಧ್ಯಕ್ಷ ಚಲುವರಾಜು ಬಣ್ಣ ಮೆತ್ತಿದ ಕೈಯಲ್ಲೇ ಮೀಸೆ ತೀಡಿದ. “ಇಂಜಿನಿಯರ್ ಸಾಯೇಬ್ರು ಬತ್ತಾವ್ರೆ ಅಂದ್ರಲ್ಲ. ಒರಗ್ನೋರ ಮುಂದೆ ಊರ್ ಮಾನ ಕಳ್ಕೊಳಕಾಯ್ತದಾ? ಕೊತ್ತತ್ತಿ ನೆಂಟ್ರಿಗೆ ಗೊತ್ತಾದ್ರೆ ಆಡ್ಕೊಂಡು ನಗಾಕಿಲ್ವಾ?”

ಮೇಡಂ ಹಣೆ ಚಚ್ಚಿಕೊಂಡರು. ಮೂರು ವರ್ಷ ಅರ್ಜಿ ಹಾಕಿ, ಕಾಡಿ ಬೇಡಿ ಇಂಜಿನಿಯರನ್ನು ಕರೆಸಿದ್ದು ಈ ಕಟ್ಟಡ ನಾಲಾಯಕ್ಕು ಎಂದು ಬರೆಸಿಕೊಳ್ಳುವುದಕ್ಕೆ. ಬರೆದರೆ ಹೊಸ ಕೊಠಡಿ. ಬರೆಯದಿದ್ದರೆ ಇದೇ ಕಂಬಿಗಳ ಕೆಳಗೆ ಮೂವತ್ತೆಂಟು ಮಕ್ಕಳ ತಲೆ. ಅಧ್ಯಕ್ಷ ಮಹಾಶಯ ನೋಡಿದರೆ, ಗಂಡಿನ ಕಡೆಯವರು ಬರುತ್ತಾರೆಂದು ಹೆಣ್ಣನ್ನು ಸಿಂಗರಿಸುವ ಹಾಗೆ ಶಾಲೆಯನ್ನು ಸಿಂಗರಿಸಿ ಕೂತಿದ್ದ.

ಬಟ್ಟೆ ಬಿಚ್ಚಿಸುವ ಮೊದಲೇ ಜೀಪು ಬಂದೇಬಿಟ್ಟಿತು. ಇಂಜಿನಿಯರ್ ಜಯಪ್ರಕಾಶ್ ಟೇಪು ಹಿಡಿದು ಕೊಠಡಿ ಅಳೆದರು, ಟ್ಯಾಬಿನಲ್ಲಿ ಫೋಟೊ ಹೊಡೆದು ಇಲಾಖೆಗೆ ಕಳಿಸಿದರು. “ಭೇಷ್! ನಲವತ್ತು ಮಕ್ಕಳು ಆರಾಮಾಗಿ ಹಿಡೀತಾರೆ. ಸ್ಮಾರ್ಟ್ ಕ್ಲಾಸಿಗೂ ಲಾಯಕ್ಕು.”

“ಸರ್, ದಮ್ಮಯ್ಯ, ಒಂದ್ಸಲ ಆ ಬಟ್ಟೆ ಎತ್ತಿ ನೋಡಿ. ಹೋದ ವಾರ ಚಕ್ಕೆ ಬಿದ್ದು ಈ ಅಧ್ಯಕ್ಷರ ಮೊಮ್ಮಗಳು ಅರ್ಪಿತಳ ಸ್ಲೇಟು ಎರಡು ಹೋಳಾಯ್ತು. ಪುಣ್ಯಕ್ಕೆ ಮಗು ನೀರು ಕುಡಿಯೋಕೆ ಎದ್ದಿತ್ತು.”

ಚಲುವರಾಜು ನೆಲ ನೋಡಿದ. ಜಯಪ್ರಕಾಶ್ ಬೆಂಚು ಹತ್ತಿ ಬಟ್ಟೆಯ ತುದಿ ಎತ್ತಿದರು, ಇಣುಕಿದರು, ಮೆಲ್ಲಗೆ ಬಿಟ್ಟರು.

“ಫೋಟೊ ಹೋಗಿಬಿಟ್ಟಿದೆ ಮೇಡಂ. ಇನ್ನು ತಿದ್ದೋಕೆ ಬರಲ್ಲ,” ಎಂದು ಟ್ಯಾಬಿನಲ್ಲಿ ‘ಸುಸ್ಥಿತಿ’ ಒತ್ತಿದರು.

“ನೋಡುದ್ರಾ, ಪಾಸು!” ಚಲುವರಾಜು ಮತ್ತೆ ಹಿಗ್ಗಿದ. ನಾಟಿಕೋಳಿ ಸಾರು, ಮುದ್ದೆ ಬಂತು. ಶಾಮಿಯಾನದ ಕೆಳಗೇ ಎಲೆ ಹಾಕಿಸಿದ. “ಬನ್ನಿ ಸಾ, ಕೂತ್ಕಳಿ.”

ಸಾಹೇಬರು ಒಮ್ಮೆ ಮೇಲೆ ನೋಡಿದರು. “ಒಳಗೆ ಸೆಕೆ ಕಣ್ರೀ,” ಎಂದವರೇ ಎಲೆ ಎತ್ತಿಕೊಂಡು ಅಂಗಳದ ಹೊಂಗೆ ಮರದ ಬುಡಕ್ಕೆ ನಡೆದರು.

ಶಶಿರೇಖಾ ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಕೂತಿದ್ದ ಮೂವತ್ತೆಂಟು ಮಕ್ಕಳನ್ನೂ ಹೊರಗೆ ಕರೆದು ತಂದು ಸಾಹೇಬರ ಸುತ್ತ ಸಾಲಾಗಿ ಕೂರಿಸಿದರು. ಸಾಹೇಬರ ಕೈಯ ಮುದ್ದೆ ಸಾರಿನಲ್ಲೇ ನಿಂತಿತು.

ಮೇಡಂ ಅವರದೇ ಟೇಪನ್ನು ತಂದು ಎಲೆಯ ಪಕ್ಕಕ್ಕಿಟ್ಟರು.

“ಉಂಡ ಮೇಲೆ ಈ ನೆರಳನ್ನೂ ಅಳೆದುಬಿಡಿ ಸರ್. ಇಲ್ಲಿ ಎಷ್ಟು ಮಕ್ಕಳು ಹಿಡೀತಾರೆ?”