ದೊಡ್ಡದಾದ ದೀಪ

ಬೆಳಿಗ್ಗೆ ಆರೂವರೆ. ಶಂಕ್ರೆಪ್ಪ ಇಂಗ್ಲಿಷ್ ಮಾತಾಡಿ ಸಾಹೇಬರನ್ನು ಕತ್ತಲೆಯಲ್ಲಿ ಕೂರಿಸಿ ಸರಿಯಾಗಿ ಹತ್ತು ತಾಸು ಆಗಿತ್ತು.

ತಿಕೋಟಾದ ಪ್ರವಾಸಿ ಬಂಗಲೆಯಲ್ಲಿ ಅವನದು ಹಂಗಾಮಿ ನೌಕರಿ. ಬಾವಿ ಕೆಲಸ ನೋಡಲು ಬಂದಿದ್ದ ಇಂಗ್ಲಿಷ್ ಇಂಜಿನಿಯರರು ನಾಳೆ ಹೊರಡುವಾಗ ಬಂಗಲೆಯ ಪುಸ್ತಕದಲ್ಲಿ ಏನು ಬರೆಯುತ್ತಾರೋ ಅದರ ಮೇಲೆ ಅವನು ಕಾಯಂ ಆಗುವುದು ನಿಂತಿತ್ತು. ಅದಕ್ಕೇ ಮುಖವನ್ನೂ ತೊಳೆಯದೆ ಗುರುಪಾದಯ್ಯನವರ ಕಟ್ಟೆಗೆ ಬಂದು ಕುಳಿತಿದ್ದ. ಗುರುಪಾದಯ್ಯ ಇಪ್ಪತ್ತೆಂಟು ವರ್ಷ ವಿಜಾಪುರದ ತಂತಿ ಕಚೇರಿಯಲ್ಲಿ ತಾರು ಬಡಿದು, 1940ರಲ್ಲಿ ನಿವೃತ್ತರಾಗಿ ಊರಿಗೆ ಬಂದವರು. ಮೂರು ತಿಂಗಳಿಂದ ಅವನಿಗೆ ಇಂಗ್ಲಿಷ್ ಕಲಿಸುತ್ತಿದ್ದರು.

"ಏನಂದಿ, ಅಷ್ಟ ಹೇಳು."

"ಸಾಹೇಬ್ರು ಓದಾಕತ್ತಿದ್ರು. 'ಮೇಕ್ ಲ್ಯಾಂಪ್ ಬಿಗ್, ಸರ್?' ಅಂದೆ. 'ಯೆಸ್' ಅಂದ್ರು. ಕಂದೀಲದ ಗಾಜ ಎತ್ತಿ ಊದಿಬಿಟ್ಟೆ."

ಗುರುಪಾದಯ್ಯ ಕನ್ನಡಕ ತೆಗೆದು ಒರೆಸಿದರು. "ಬಿಗ್ ಅಂದ್ರ ದೊಡ್ಡದು. ಬತ್ತಿ ಏರಸ್ತೀ ಅಂತ ತಿಳಕೊಂಡಾರ ಅವರು."

"ದೀಪಾ ದೊಡ್ಡದು ಮಾಡೂದಂದ್ರ ಊದೂದಲ್ಲೇನ್ರಿ?"

"ನಮ್ಮಲ್ಲಿ. ಅವರಲ್ಲಿ ನಂದಿಸೂದಂದ್ರ ನಂದಿಸೂದ."

"ಆ ಮಾತ ಬ್ಯಾಡ್ರಿ ಯಪ್ಪಾ. ನಮ್ಮವ್ವ ಕೇಳಿದ್ರ ಹೊಸ್ತಲಾ ದಾಟಗೊಡಂಗಿಲ್ಲ."

"'ಪುಟ್ ಔಟ್' ಅನ್ನು. ಪುಟ್ ಅಂದ್ರ ಇಡು, ಔಟ್ ಅಂದ್ರ ಹೊರಗ."

ಶಂಕ್ರೆಪ್ಪ ಯೋಚಿಸಿದ. "ಹೊರಗ ಇಡಲೇನ್ರಿ ಅಂದಂಗಾತು. ಅದರಾಗೇನ ಅಪಶಕುನ ಇಲ್ಲ ಬಿಡ್ರಿ."

"ಖರೇನ ಹೊರಗ ಒಯ್ದ ಇಟ್ಟೀ ಮತ್ತ. ಊದಬೇಕು."

"ಹಂಗಾರ ಅವರಲ್ಲೂ ಅನ್ನೂದೊಂದು, ಮಾಡೂದೊಂದು."

ಅಥಣಿ ರಸ್ತೆಗುಂಟ ಬಂಗಲೆ ಮುಟ್ಟುವವರೆಗೂ ಅವನು ಅದನ್ನೇ ಹೇಳಿಕೊಳ್ಳುತ್ತ ನಡೆದ.

ರಾತ್ರಿ ಊಟ ಮುಗಿಸಿ ಸಾಹೇಬರು ಓದುತ್ತಿದ್ದ ಪುಸ್ತಕ ಮಡಚಿದರು. ಶಂಕ್ರೆಪ್ಪ ಒಂದಕ್ಷರ ತಪ್ಪದೆ ಕೇಳಿದ: "ಶಲ್ ಐ ಪುಟ್ ಔಟ್ ದ ಲ್ಯಾಂಪ್, ಸರ್?"

ಸಾಹೇಬರು ತಲೆಯೆತ್ತಿದರು. ನಿನ್ನೆ ಮಾತ್ರ ಬಿಗ್ ಅಂದದ್ದೇಕೆ ಎಂದು ಕೇಳಿದರು. ಇದಕ್ಕೆ ಪಾಠ ಆಗಿರಲಿಲ್ಲ. ಶಂಕ್ರೆಪ್ಪ ಇದ್ದಬದ್ದ ಶಬ್ದಗಳನ್ನೆಲ್ಲ ಕೂಡಿಹಾಕಿದ.

"ಮೈ ಹೌಸ್, ಸರ್, ಲ್ಯಾಂಪ್ ನೋ ಡೈ. ಓನ್ಲಿ ಬಿಗ್."

ಸಾಹೇಬರು ಕಂದೀಲನ್ನೇ ಸ್ವಲ್ಪ ಹೊತ್ತು ನೋಡಿ, ತಾವೇ ಗಾಜು ಎತ್ತಿ ಊದಿದರು.

ಮರುದಿನ ಮಧ್ಯಾಹ್ನ ಅವರ ಮೋಟಾರು ಧೂಳೆಬ್ಬಿಸಿ ಹೋದ ಮೇಲೆ ಶಂಕ್ರೆಪ್ಪ ಬಂಗಲೆಯ ಪುಸ್ತಕವನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ಬಂದು ಗುರುಪಾದಯ್ಯನವರ ಮುಂದೆ ಇಟ್ಟ. ಬಂದ ತಾರನ್ನು ಅರ್ಧ ನುಂಗಿ ಹೇಳುವುದು ಅವರಿಗೆ ಗೊತ್ತಿರಲಿಲ್ಲ. ಪೂರ್ತಿ ಓದಿ ಕನ್ನಡದಲ್ಲಿ ಹೇಳಿದರು:

"ಕೋಣೆ ಸ್ವಚ್ಛ. ನೌಕರ ನಂಬಿಗಸ್ತ, ಕಾಯಂ ಮಾಡಬಹುದು. ಇವನ ಇಂಗ್ಲಿಷನ್ನು ಯಾರೂ ತಿದ್ದಬಾರದು."

ಶಂಕ್ರೆಪ್ಪ ಪುಸ್ತಕವನ್ನು ಮತ್ತೆ ವಲ್ಲಿಯಲ್ಲಿ ಸುತ್ತಿದ.

"ಹಂಗಾರ ಪಾಠಕ್ಕ ಬರಲೋ ಬ್ಯಾಡೋ?"

"ಬಾ. ಕೊನೇ ಸಾಲು ಅವರು ನನಗ ಬರೆದದ್ದು, ನಿನಗಲ್ಲ."

ಏಪ್ರಿಲ್ ಒಂದರಂದು ಶಂಕ್ರೆಪ್ಪ ಕಾಯಂ ಆದ. ಅಂದು ಪಾಠ ಮುಗಿಸಿ ಎದ್ದು, ಬಾಗಿಲಲ್ಲಿ ನಿಂತು, "ಐ ಗೋ ಆ್ಯಂಡ್ ಕಮ್, ಸರ್" ಎಂದ.

ಗುರುಪಾದಯ್ಯ ತಿದ್ದಲಿಲ್ಲ.